ಕೇರಳ ಮುಖ್ಯಮಂತ್ರಿಗಳ ಸಂಕಷ್ಟ ಪರಿಹಾರ ನಿಧಿ: ಅರ್ಜಿ ಎಲ್ಲಿ ತಡವಾಗುತ್ತದೆ?

ಚಿಕಿತ್ಸೆಯಂಥ ಸಂಕಷ್ಟಕ್ಕೆ ನೆರವು ಕೊಡುವ ಈ ನಿಧಿಯ ಅರ್ಜಿ ವ್ಯವಸ್ಥೆಗೆ ಐದಕ್ಕೆ ಮೂರು ಅಂಕ. ಆನ್‌ಲೈನ್ ವ್ಯವಸ್ಥೆ ಚೆನ್ನಾಗಿದೆ. ಕಾಸರಗೋಡು ಜಿಲ್ಲೆಯ ನಮ್ಮ ಮಂಜೇಶ್ವರದ ಯಾವ ಅಕ್ಷಯ ಕೇಂದ್ರದಲ್ಲಾದರೂ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಅರ್ಜಿ ಹಾಕಿಸಬಹುದು, ಸಿಗುವ ಚೀಟಿಯಲ್ಲಿರುವ ಡಾಕೆಟ್ ನಂಬರ್ (ಅರ್ಜಿಯ ಸಂಖ್ಯೆ) ಆನ್‌ಲೈನ್‌ನಲ್ಲಿ ಹಾಕಿದರೆ ಕಡತ ಯಾರ ಮೇಜಿನಲ್ಲಿದೆ ಎಂದು ತಿಳಿಯುತ್ತದೆ. ಆ ಚೀಟಿ ಬಿಸಾಡಬೇಡಿ.

ತಡವಾಗುವುದು ಹೆಚ್ಚಾಗಿ ವಿಲೇಜ್ ಆಫೀಸಿನ ತನಿಖೆಯಲ್ಲಿ. ಅರ್ಜಿ ಹಾಕಿದ ವಾರದೊಳಗೆ ಮೂಲ ದಾಖಲೆ ಹಿಡಿದು ನೀವೇ ಹೋಗಿ ವಿಚಾರಿಸುವುದು ಒಳ್ಳೆಯದು. ಅಲ್ಲಿಂದ ಅದು ತಾಲೂಕು ಕಚೇರಿಗೆ, ಮತ್ತೆ ಕಾಸರಗೋಡು ವಿದ್ಯಾನಗರದ ಕಲೆಕ್ಟರೇಟಿಗೆ (ಜಿಲ್ಲಾಧಿಕಾರಿ ಕಚೇರಿ). ದೊಡ್ಡ ಮೊತ್ತವಾದರೆ ತಿರುವನಂತಪುರದ ದಾರಿ, ಹಾಗಾಗಿ ಇನ್ನಷ್ಟು ಕಾಯಬೇಕು.

ಮಂಗಳೂರಿನಲ್ಲಿ ಚಿಕಿತ್ಸೆಯಾದವರು ಡಿಸ್ಚಾರ್ಜ್ ಸಮ್ಮರಿ ಒಂದನ್ನೇ ಲಗತ್ತಿಸುತ್ತಾರೆ. ಅದು ಸಾಲದು, ರೋಗ, ಖರ್ಚು, ವೈದ್ಯರ ಸಹಿ, ನೋಂದಣಿ ಸಂಖ್ಯೆ ಇರುವ ವೈದ್ಯಕೀಯ ಸರ್ಟಿಫಿಕೇಟ್ ಬೇಕು. ಜತೆಗೆ ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ಆಧಾರ್.

ನಮ್ಮ ಕಡೆಯ ವಿಶೇಷ ತೊಡಕು ಹೆಸರಿನದು. ಆಧಾರಿನಲ್ಲಿ ‘ಕೃಷ್ಣ ನಾಯ್ಕ’, ರೇಷನ್ ಕಾರ್ಡಿನಲ್ಲಿ ‘ಕೃಷ್ಣನ್ ನಾಯಕ್’. ಎರಡೂ ಒಬ್ಬರೇ ಎನ್ನುವ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಡಿ.

ಮಂಜೂರಾದರೂ ಹಣ ಬಾರದಿರಲು ಹಳೆಯ ಪಾಸ್‌ಬುಕ್ ಸಾಕು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೂ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೂ ಸೇರಿದವು. ಅವುಗಳ ಹಳೆಯ ಐಎಫ್‌ಎಸ್‌ಸಿ ಕೋಡ್ (ಹಣ ಕಳಿಸಲು ಬೇಕಾದ ಶಾಖೆಯ ಗುರುತು) 2021ರಿಂದ ನಡೆಯುವುದಿಲ್ಲ. ಅಜ್ಜಿಯ ಪೆಟ್ಟಿಗೆಯ ಪಾಸ್‌ಬುಕ್ಕನ್ನು ಹಾಗೇ ಸ್ಕ್ಯಾನ್ ಮಾಡಿಸಬೇಡಿ, ಬ್ಯಾಂಕಿನಿಂದ ಹೊಸತು ಬರೆಸಿಕೊಂಡೇ ಹೋಗಿ.