ಕಠ್ಮಂಡುವಿನ ಕರೆಂಟು: ಇಂಡಕ್ಷನ್ ಒಲೆಯ ಮುಂದೆ ಕಂಡಂತೆ

ಕಠ್ಮಂಡುವಿನ ಬಾಡಿಗೆ ಮನೆಯಲ್ಲಿ ಒಂದು ವರ್ಷ ಗ್ಯಾಸ್ ಸಿಲಿಂಡರನ್ನು ಮೂಲೆಗಿಟ್ಟು, ಎರಡು ಹೊತ್ತಿನ ಅಡುಗೆಯನ್ನೂ ಇಂಡಕ್ಷನ್ ಒಲೆಯ ಮೇಲೆ ಮಾಡಿಕೊಂಡವನಾಗಿ ಅಲ್ಲಿನ ವಿದ್ಯುತ್ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ. ದಿನಕ್ಕೆ 16 ಗಂಟೆಯವರೆಗೂ ಕರೆಂಟಿಲ್ಲದ ಚಳಿಗಾಲಗಳನ್ನು ಕಂಡ ಊರು ಅದು. ಯಾವ ವಾರ ಯಾವ ಹೊತ್ತಿಗೆ ಲೋಡ್‌ಶೆಡ್ಡಿಂಗ್ ಎಂದು ತಿಳಿಸುವ ಹಳೆಯ ಪಟ್ಟಿ ಅಡುಗೆಮನೆಯ ಗೋಡೆಯಲ್ಲಿ ಎಣ್ಣೆಜಿಡ್ಡು ಹಿಡಿದು ಇನ್ನೂ ಅಂಟಿಕೊಂಡಿತ್ತು. ಮೆಟ್ಟಿಲ ಕೆಳಗಿನ ಇನ್ವರ್ಟರ್ ಚಪ್ಪಲಿ ಇಡುವ ಜಾಗವಾಗಿತ್ತು.

ಮೊದಲ ತೊಡಕು ಮೀಟರಿನದು. ಮನೆಗಿದ್ದದ್ದು 5 ಆಂಪಿಯರ್ ಮೀಟರು, ಅಂದರೆ ಹೆಚ್ಚೆಂದರೆ 1150 ವ್ಯಾಟ್. ನನ್ನ ಒಲೆ 2000 ವ್ಯಾಟಿನದು. ಕುಕ್ಕರ್ ಮೊದಲ ಸೀಟಿ ಹಾಕುವ ಮುನ್ನವೇ ಹೊರೆ ಹೆಚ್ಚಾದರೆ ತಾನೇ ಕರೆಂಟು ಕಡಿಯುವ ಸ್ವಿಚ್ಚಾದ ಎಂಸಿಬಿ ಬಿದ್ದು ಮನೆಯೆಲ್ಲ ಕತ್ತಲಾಯಿತು. 15 ಆಂಪಿಯರಿನ ಮೀಟರು ಹಾಕಿಸಿದ ಮೇಲೆ ಅನ್ನ, ಸಾರು ಯಾವುದಕ್ಕೂ ಅಡ್ಡಿಯಾಗಲಿಲ್ಲ. ಆದರೆ ತಿಂಗಳಿಗೆ 20 ಯೂನಿಟ್‌ವರೆಗಿನ ಉಚಿತ ವಿದ್ಯುತ್ ಸಿಗುವುದು 5 ಆಂಪಿಯರಿನವರಿಗೆ. ಸೌದೆ ಒಲೆಯಿಂದ ಮೊದಲು ಬಿಡುಗಡೆಯಾಗಬೇಕಾದ ಬಡಮನೆಗಳೇ ಇಂಥ ಒಲೆಯನ್ನು ಪೂರ್ತಿ ಉರಿಸಲಾರವು ಎಂಬುದು ನನಗೆ ಸರಿಕಾಣಲಿಲ್ಲ.

ಮಳೆಗಾಲದ ಸೇವೆಗೆ ಪೂರ್ಣ ಅಂಕ ಕೊಡುತ್ತೇನೆ. 2021ರಲ್ಲಿ 456 ಮೆಗಾವ್ಯಾಟ್‌ನ ಅಪ್ಪರ್ ತಾಮಾಕೋಶಿ ಜಲವಿದ್ಯುತ್ ಸ್ಥಾವರ ಸೇರಿಕೊಂಡ ನಂತರ, ನದಿಗಳು ತುಂಬಿ ಹರಿಯುವ ತಿಂಗಳುಗಳಲ್ಲಿ ನೇಪಾಳ ತನಗೆ ಮಿಕ್ಕಿದ್ದನ್ನು ಭಾರತಕ್ಕೆ ಮಾರುತ್ತಿದೆ. ಚಳಿಗಾಲದಲ್ಲಿಯೂ ನನ್ನ ಒಲೆ ನಿಲ್ಲಲಿಲ್ಲ, ನಿಜ. ಆದರೆ ಅಲ್ಲಿನ ಬಹುಪಾಲು ಸ್ಥಾವರಗಳು ಹರಿವ ನೀರನ್ನೇ ನಂಬಿದವಾಗಿದ್ದು, ಕುಲೇಖಾನಿಯಂಥ ಜಲಾಶಯಗಳು ತೀರಾ ಕಡಿಮೆಯಿರುವುದರಿಂದ, ಹೊಳೆ ಬತ್ತಿದಾಗ ಬಿಹಾರದ ಮುಜಫರ್‌ಪುರದಿಂದ ನೇಪಾಳದ ಢಲ್ಕೇಬರ್‌ಗೆ ಬರುವ ವಿದ್ಯುತ್ ಮಾರ್ಗದಲ್ಲಿ ಭಾರತದ ಕರೆಂಟು ಬರಬೇಕಾಗುತ್ತದೆ, ಅದರಲ್ಲಿ ಕಲ್ಲಿದ್ದಲಿನ ಪಾಲೇ ದೊಡ್ಡದು. 2016ರ ದೀಪಾವಳಿಗೆ ನೇಪಾಳ ವಿದ್ಯುತ್ ಪ್ರಾಧಿಕಾರದ ಆಗಿನ ಮುಖ್ಯಸ್ಥ ಕುಲಮಾನ್ ಘೀಸಿಂಗ್ ರಾಜಧಾನಿಯ ಕತ್ತಲೆ ನೀಗಿಸಿದ್ದೂ ಹೊಸ ಅಣೆಕಟ್ಟಿನಿಂದಲ್ಲ. ಈ ಆಮದಿನಿಂದ ಮತ್ತು ಕಾರ್ಖಾನೆಗಳಿಗೆ ಹೋಗುತ್ತಿದ್ದುದನ್ನು ಮನೆಗಳಿಗೆ ತಿರುಗಿಸಿದ ಹಂಚಿಕೆಯಿಂದ. ಹಾಗಾಗಿ ಮಾಘದ ರಾತ್ರಿಯ ನನ್ನ ಸಾರನ್ನು ಹಿಮಾಲಯದ ನೀರೇ ಕುದಿಸಿತು ಎಂದು ಹೇಳಿಕೊಳ್ಳಲಾರೆ.

ಓದಿಗೋ ಕೆಲಸಕ್ಕೋ ಅಲ್ಲಿಗೆ ಹೋಗಿ ನೆಲೆಸುವ ಕನ್ನಡಿಗರು ಮುಂಗಡ ಕೊಡುವ ಮೊದಲು ಮನೆಯ ಮೀಟರು ಎಷ್ಟು ಆಂಪಿಯರಿನದೆಂದು ನೋಡಿಕೊಳ್ಳಿ. ಮೀಟರು ಬದಲಿಸಲು ಮಾಲೀಕರು ಒಪ್ಪದಿದ್ದರೆ 1000 ವ್ಯಾಟಿನ ಸಣ್ಣ ಒಲೆ ಸಾಕು, ಆದರೆ ಅದು ಉರಿಯುವಾಗ ಗೀಸರ್ ಹಾಕಬಾರದು.