ಫೀಡರ್ ಕಂಬಕ್ಕೆ ಗ್ರೀಸ್ ಹಚ್ಚಬೇಡಿ, ನಾನು ಹಚ್ಚಿ ಅನುಭವಿಸಿದ್ದೇನೆ

ಅಳಿಲಿನ ಕಾಟಕ್ಕೆ ಬೇಸತ್ತು ಯಾರಾದರೂ ಗ್ರೀಸ್ ಡಬ್ಬಿ ಕೈಗೆತ್ತಿಕೊಂಡಿದ್ದರೆ ದಯವಿಟ್ಟು ಕೆಳಗಿಡಿ, ಮೊದಲು ಇದನ್ನು ಓದಿ.

ನನ್ನದು ಸಣ್ಣ ಕೈತೋಟ. ಒಂದಿಷ್ಟು ಕುಂಡ, ನಡುವೆ ಕಬ್ಬಿಣದ ಕಂಬ, ಅದರ ತುದಿಗೆ ಹಕ್ಕಿಗಳಿಗೆಂದು ಕಾಳಿನ ಪ್ಲಾಸ್ಟಿಕ್ ಫೀಡರ್. ಹಕ್ಕಿಗಿಂತ ಮೊದಲು ಅಳಿಲು ಹಾಜರ್. ಕಾಳು ಬೀಳುವ ತೂತನ್ನು ಕಡಿದು ಕಡಿದು ನನ್ನ ಹೆಬ್ಬೆರಳು ತೂರುವಷ್ಟು ದೊಡ್ಡದು ಮಾಡಿಟ್ಟಿದ್ದವು. ಅವುಗಳ ಮುಂದಿನ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಸವೆಸಲು ಏನಾದರೂ ಕಡಿಯಲೇಬೇಕು, ಸರಿ. ಅದಕ್ಕೆ ನನ್ನ ಫೀಡರೇ ಬೇಕಿತ್ತಾ? ಕುಂಡಗಳ ಕಥೆ ಇನ್ನೂ ಚೆಂದ. ಸಸಿ ನೆಟ್ಟು, ಮಣ್ಣು ಒತ್ತಿ, ಸ್ನಾನ ಮುಗಿಸಿ ಬರುವಷ್ಟರಲ್ಲಿ ಸಸಿ ಪಕ್ಕಕ್ಕೆ ಮಲಗಿದೆ, ಅದರ ಜಾಗದಲ್ಲೊಂದು ಗುಂಡಿ, ಗುಂಡಿಯೊಳಗೆ ನಾನೇ ಫೀಡರಿಗೆ ಹಾಕಿದ್ದ ಕಡಲೆಬೀಜ!

ಕಂಬಕ್ಕೆ ಗ್ರೀಸ್ ಹಚ್ಚು, ಜಾರಿ ಬೀಳುತ್ತವೆ ಅಂತ ಯಾರೋ ಹೇಳಿದರು. ಹಚ್ಚಿದೆ. ಮೊದಲ ದಿನ ನಿಜವಾಗಿಯೂ ತಮಾಷೆ. ಎರಡು ಅಡಿ ಹತ್ತುವುದು, ಸರ್ರನೆ ಜಾರುವುದು. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಮೂರನೇ ದಿನ ಅಳಿಲುಗಳು ಗೋಡೆಯಿಂದ ನೇರವಾಗಿ ಫೀಡರಿಗೇ ಹಾರಲು ಶುರು ಮಾಡಿದವು. ಅಷ್ಟೇ ಆಗಿದ್ದರೆ ಸೋತೆ ಅಂತ ಸುಮ್ನಾಗುತ್ತಿದ್ದೆ. ಆದರೆ ಕಂಬದಲ್ಲಿ ಜಾರಿದಾಗ ಕಾಲು, ಹೊಟ್ಟೆಗೆ ಮೆತ್ತಿಕೊಂಡಿದ್ದ ಗ್ರೀಸನ್ನು ಹಕ್ಕಿ ಕೂರುವ ಕಡ್ಡಿಗೆಲ್ಲ ಬಳಿದಿದ್ದವು, ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಮಾರನೇ ದಿನ ಕುಂಡದ ಹಿಂದೆ ಒಂದು ಗುಬ್ಬಿ ಕೂತಿತ್ತು. ಹತ್ತಿರ ಹೋದರೂ ಹಾರಲಿಲ್ಲ. ಎದೆಯ ಗರಿಗಳು ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ ಎಳೆ ಎಳೆಯಾಗಿ ಅಂಟಿಕೊಂಡಿದ್ದವು, ನಡುವೆ ಚರ್ಮ ಕಾಣುತ್ತಿತ್ತು. ಪಾಪ, ಕೊಕ್ಕಿನಿಂದ ಗರಿ ತಿದ್ದಿಕೊಂಡಷ್ಟೂ ಗ್ರೀಸ್ ರೆಕ್ಕೆಗೂ ಹರಡುತ್ತಿತ್ತು, ಹೊಟ್ಟೆಗೂ ಹೋಗುತ್ತಿತ್ತು. ಗರಿಗಳ ನಡುವೆ ನಿಲ್ಲುವ ಗಾಳಿಯೇ ಹಕ್ಕಿಗೆ ಕಂಬಳಿ ಇದ್ದ ಹಾಗೆ. ಗರಿ ಅಂಟಿಕೊಂಡರೆ ಕಂಬಳಿಯೂ ಇಲ್ಲ, ನೀರು ತಡೆಯುವುದೂ ಇಲ್ಲ.

ಆಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಪಾತ್ರೆ ತೊಳೆಯುವ ಸೋಪು ಹಾಕಿ ಅದನ್ನು ತೊಳೆದೆ. ಗ್ರೀಸ್ ಅರ್ಧ ಹೋಯಿತು, ಗುಬ್ಬಿ ಮಾತ್ರ ಗಡಗಡ ನಡುಗತೊಡಗಿತು. ಗಾಯಗೊಂಡ ಹಕ್ಕಿಗಳನ್ನು ನೋಡಿಕೊಳ್ಳುವವರೊಬ್ಬರಿಗೆ ಫೋನ್ ಮಾಡಿದರೆ ಚೆನ್ನಾಗಿ ಬೈದರು. ತೊಳೆಯಲೇಬಾರದಿತ್ತಂತೆ. ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಗಾಳಿಗೆ ತೂತು ಮಾಡಿ, ಕತ್ತಲಲ್ಲಿ ಬೆಚ್ಚಗಿಟ್ಟು, ಗೊತ್ತಿದ್ದವರ ಹತ್ತಿರ ತಕ್ಷಣ ಒಯ್ಯಬೇಕಂತೆ. ಒಯ್ದೆ. ದಾರಿಯಲ್ಲೇ ಸತ್ತಿತು.

ವ್ಯಾಸಲೀನ್ ಆದರೆ ಪರವಾಗಿಲ್ವಾ, ಅಡುಗೆ ಎಣ್ಣೆ ಆದರೆ? ಇಲ್ಲ, ಗರಿಗೆ ಎಲ್ಲವೂ ಒಂದೇ. ಇಲಿ ಹಿಡಿಯುವ ಅಂಟಿನ ಹಾಳೆಯಂತೂ ಬೇಡವೇ ಬೇಡ, ಹಕ್ಕಿ, ಹಲ್ಲಿ ಯಾವುದು ಬಂದರೂ ಹಿಡಿಯುತ್ತದೆ. ಕುಂಡದ ಮೇಲೆ ಸಡಿಲವಾಗಿ ಹೊದಿಸುವ ತೆಳು ನೈಲಾನ್ ಬಲೆಯಲ್ಲೂ ಕಾಲು ಸಿಕ್ಕಿಹಾಕಿಕೊಳ್ಳುತ್ತವೆ. ಮಣ್ಣಿಗೆ ನುಸಿಗುಳಿಗೆ ಹಾಕುವವರೂ ಇದ್ದಾರೆ, ಅದು ವಿಷ ಕಣ್ರೀ. ಖಾರದ ಪುಡಿಯ ಉರಿ ಹಕ್ಕಿಗೆ ತಟ್ಟುವುದಿಲ್ಲ, ಅಳಿಲಿಗೆ ತಟ್ಟುತ್ತದೆ ಅನ್ನುವುದು ನಿಜ. ಆದರೆ ಗಾಳಿ ಬೀಸಿದರೆ ಅಳಿಲಿನ ಕಣ್ಣಿಗೂ ನಿಮ್ಮ ಕಣ್ಣಿಗೂ ಅದೇ ಪುಡಿ.

ಈಗ ಮಾಡಿಕೊಂಡಿರುವುದು ತೀರಾ ಸರಳ. ಕಂಬವನ್ನು ಗೋಡೆ, ಕೊಂಬೆಗಳಿಂದ 3 ಮೀಟರ್‌ಗಿಂತ ದೂರ ನೆಟ್ಟೆ. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ತಗಡಿನದೊಂದು ಅಗಲವಾದ ಕೊಡೆ ಬೋರಲು ಹಾಕಿಸಿದೆ, ಹತ್ತಿ ಬಂದ ಅಳಿಲು ಅದರಡಿ ಸಿಕ್ಕಿ ವಾಪಸ್ ಇಳಿಯುತ್ತದೆ. ಹೊಸದಾಗಿ ನೆಟ್ಟ ಕುಂಡಗಳಿಗೆ ಅರ್ಧ ಇಂಚು ಕಣ್ಣಿನ ಗಟ್ಟಿ ತಂತಿ ಜಾಲರಿ ಕತ್ತರಿಸಿ, ಸಸಿಗೆ ಜಾಗ ಬಿಟ್ಟು, ಮಣ್ಣಿನ ಮೇಲೇ ಕೂರಿಸಿ ಅಂಚಿಗೆ ಕಲ್ಲಿಟ್ಟೆ. ಕೆದಕಲು ಮೆತ್ತನೆ ಮಣ್ಣು ಸಿಗದಿದ್ದರೆ ಬೇರೆ ಕಡೆ ಹೋಗುತ್ತವೆ, ಅಷ್ಟೇ.

ಕಂಬದ ಗ್ರೀಸ್ ಒರೆಸಲು ಎರಡು ದಿನ ಹಿಡಿಯಿತು. ಬಾಲದ ರೋಮ ಮುದ್ದೆಯಾಗಿ ಅಂಟಿಕೊಂಡಿರುವ ಅಳಿಲೊಂದು ಈಗಲೂ ಬರುತ್ತದೆ, ತಗಡಿನ ಕೆಳಗೆ ನಿಂತು ಮೇಲೆ ನೋಡುತ್ತದೆ. ಅದಕ್ಕಾಗಿ ಒಂದಿಷ್ಟು ಕಾಳು ಕೆಳಗೇ ಚೆಲ್ಲಿ ಬರುತ್ತೇನೆ.