ಪಿಕೆಜಿ-ಕಾನ್ಫಿಗ್: ‘ಲೈಬ್ರರಿ ಉಂಟು’ ಅಂದರೆ ಯಾವ ಪ್ರೊಸೆಸರಿನದ್ದು?

ಅಂಕ: 5ಕ್ಕೆ 4
ಬಳಸಿದ್ದು: ಡೆಬಿಯನ್ 12 ಮತ್ತು ಉಬುಂಟು 24.04
ಬಿಲ್ಡ್ ಆಗುವುದು ಎಎಂಡಿ64 (64 ಬಿಟ್ ಇಂಟೆಲ್/ಎಎಂಡಿ) ಕಂಪ್ಯೂಟರಿನಲ್ಲಿ, ಓಡುವುದು ಆರ್ಮ್64 (64 ಬಿಟ್) ಮತ್ತು ಆರ್ಮ್‌ಎಚ್‌ಎಫ್ (32 ಬಿಟ್) ಬೋರ್ಡುಗಳಲ್ಲಿ

ಮಲ್ಪೆಯ ಐಸ್ ಪ್ಲಾಂಟಿಗೆ ತಾಪಮಾನ ದಾಖಲಿಸುವ ಪೆಟ್ಟಿಗೆ, ಗೇರುಬೀಜ ಕಾರ್ಖಾನೆಗೆ ಮಾಡ್‌ಬಸ್ ಮೀಟರ್ ಓದುವ ಪೆಟ್ಟಿಗೆ, ಇಂಥದ್ದಕ್ಕೆ ಸಿ ಕೋಡ್ ಬರೆಯುವ ಮಂಗಳೂರು, ಮಣಿಪಾಲದ ಸಣ್ಣ ತಂಡಗಳಿಗೆ ಪಿಕೆಜಿ-ಕಾನ್ಫಿಗ್‌ನ ಈ ವಿಮರ್ಶೆ. ಕೋಡ್ ಬಿಲ್ಡ್ ಮಾಡುವಾಗ ಬೇಕಾದ ಲೈಬ್ರರಿ ಎಲ್ಲುಂಟು ಎಂದು ಹೇಳುವ ಉಪಕರಣ ಅದು. ಕೋಡ್ ಒಂದೇ. ಓಡಬೇಕಾದ್ದು ಆಫೀಸಿನ ಇಂಟೆಲ್ ಕಂಪ್ಯೂಟರಿನಲ್ಲಿ, 64 ಬಿಟ್‌ನ ರಾಸ್‌ಬೆರಿ ಪೈ 4ರಲ್ಲಿ, 32 ಬಿಟ್‌ನ ಪೈ ಝೀರೋದಲ್ಲಿ. ಝೀರೋದಲ್ಲಿರುವುದು 512 ಎಂಬಿ ಮೆಮೊರಿ. ಅದರ ಮೇಲೆಯೇ ಕಂಪೈಲ್ ಮಾಡುತ್ತೇವೆಂದು ಹೊರಟರೆ ಮುಗಿಯಿತು. ಹಾಗಾಗಿ ಕ್ರಾಸ್ ಕಂಪೈಲ್, ಅಂದರೆ ಒಂದು ಪ್ರೊಸೆಸರಿನ ಕಂಪ್ಯೂಟರಿನಲ್ಲಿ ಇನ್ನೊಂದು ಪ್ರೊಸೆಸರಿಗೆ ಬೈನರಿ ತಯಾರಿಸುವುದು. ಅಲ್ಲಿ ಕಾನ್ಫಿಗರ್ ಹಂತದಲ್ಲಿ (ಕಂಪೈಲಿಗೆ ಮೊದಲು ಬೇಕಾದ್ದೆಲ್ಲ ಉಂಟೋ ಎಂದು ನೋಡುವ ಹಂತ) ಸಿಕ್ಕಿದ ಲೈಬ್ರರಿ ನಿಜವಾಗಿ ಆ ಬೋರ್ಡಿನದ್ದೇ ಹೌದೋ ಎನ್ನುವುದೇ ದೊಡ್ಡ ತಲೆನೋವು.

ಈ ಉಪಕರಣ ಮಾಡುವ ಕೆಲಸ ಎಷ್ಟು ಸಣ್ಣದು ಎಂದು ಮೊದಲು ತಿಳಿದಿರಬೇಕು. ಲೈಬ್ರರಿಯ ವಿವರ ಬರೆದಿಟ್ಟ ಡಾಟ್-ಪಿಸಿ ಫೈಲ್ ಎಲ್ಲುಂಟು ಎಂದು ಹುಡುಕುತ್ತದೆ, ಅದರಲ್ಲಿ ಬರೆದ ಆವೃತ್ತಿ, ಸಿ-ಫ್ಲಾಗ್ಸ್ (ಕಂಪೈಲರಿಗೆ ಕೊಡುವ ಆಯ್ಕೆಗಳು), ಲಿಬ್ಸ್ (ಲೈಬ್ರರಿ ಜೋಡಿಸುವ ಲಿಂಕರಿಗೆ ಕೊಡುವವು) ಸಾಲುಗಳನ್ನು ಓದಿ ಕೊಡುತ್ತದೆ. ಅಷ್ಟೇ. ನಿಜವಾದ ಲೈಬ್ರರಿ ಇರುವ ಡಾಟ್-ಎಸ್‌ಒ ಫೈಲನ್ನು ಅದು ಮುಟ್ಟುವುದೇ ಇಲ್ಲ. ಫೈಲ್ ಅಳಿಸಿಹೋಗಿದ್ದರೂ, ಬೇರೆ ಪ್ರೊಸೆಸರಿನದ್ದಾದರೂ ಕಾಗದ ಸರಿಯಿದ್ದರೆ ‘ಹೌದು’ ಅನ್ನುತ್ತದೆ. ಕಾನ್ಫಿಗರ್ ಸ್ಕ್ರಿಪ್ಟ್ ತಯಾರಿಸುವ ಆಟೋಕಾನ್ಫ್‌ನಲ್ಲಿ ಬಳಸುವ ಪಿಕೆಜಿ_ಚೆಕ್_ಮಾಡ್ಯೂಲ್ಸ್ ಮ್ಯಾಕ್ರೋ ಕೂಡ ಇದೇ ಉತ್ತರವನ್ನು ನಂಬಿ ಮುಂದೆ ಹೋಗುತ್ತದೆ. ಎಸಿ_ಚೆಕ್_ಲಿಬ್ ಮಾತ್ರ ಒಂದು ಪುಟ್ಟ ಪ್ರೋಗ್ರಾಮನ್ನು ಲಿಂಕ್ ಮಾಡಿ ನೋಡುತ್ತದೆ.

ಹೆಚ್ಚಿನವರು ಜಾರುವುದು ಎರಡು ವೇರಿಯಬಲ್‌ಗಳ ನಡುವೆ. ಪಿಕೆಜಿ_ಕಾನ್ಫಿಗ್_ಪಾತ್‌ನಲ್ಲಿ ಕೊಟ್ಟ ಜಾಗವನ್ನು ಮೊದಲು ನೋಡುತ್ತದೆ, ಅಲ್ಲಿ ಇಲ್ಲದಿದ್ದರೆ ಕಂಪ್ಯೂಟರಿನ ಮಾಮೂಲಿ ಜಾಗಕ್ಕೆ ಹೋಗುತ್ತದೆ. ಪಿಕೆಜಿ_ಕಾನ್ಫಿಗ್_ಲಿಬ್‌ಡಿರ್ ಆ ಮಾಮೂಲಿ ಜಾಗವನ್ನೇ ಬದಲಿಸುತ್ತದೆ. ಕ್ರಾಸ್ ಬಿಲ್ಡಿಗೆ ಬೇಕಾದ್ದು ಎರಡನೆಯದು. ಬರೀ ಪಾತ್ ಕೊಟ್ಟರೆ ಏನಾಗುತ್ತದೆ ನೋಡಿ: ಆರ್ಮ್ ಕಡೆ ಲಿಬ್‌ಮಾಡ್‌ಬಸ್ ಹಾಕಲು ಮರೆತಿದೆ, ಇಂಟೆಲ್ ಕಡೆ ಉಂಟು. ಕಾನ್ಫಿಗರ್ ‘ಯೆಸ್’ ಎಂದು ಮುದ್ರಿಸುತ್ತದೆ. ಕಂಪೈಲೂ ಆಗುತ್ತದೆ. ಕೊನೆಯಲ್ಲಿ ಲಿಂಕರ್ ‘ಸ್ಕಿಪ್ಪಿಂಗ್ ಇನ್‌ಕಂಪ್ಯಾಟಿಬಲ್’ ಅಥವಾ ‘ಕೆನಾಟ್ ಫೈಂಡ್ -ಎಲ್‌ಮಾಡ್‌ಬಸ್’ ಎಂದು ನಿಲ್ಲುತ್ತದೆ. ತಪ್ಪು ಆದದ್ದು ಒಂದು ಕಡೆ, ಕಾಣುವುದು ಇನ್ನೊಂದು ಕಡೆ.

ಆಟೋಕಾನ್ಫ್‌ನಲ್ಲಿ ಇದೇ ಜಾತಿಯ ಇನ್ನೊಂದು ಗುಂಡಿ ಉಂಟು ಮಾರಾಯ್ರೆ. --ಹೋಸ್ಟ್=ಎಆರ್ಚ್64-ಲಿನಕ್ಸ್-ಗ್ನು ಎಂದು ಕೊಟ್ಟಾಗ ಅದು ಆ ಹೆಸರು ಮುಂದೆ ಸೇರಿದ ಪಿಕೆಜಿ-ಕಾನ್ಫಿಗ್ ಹುಡುಕುತ್ತದೆ; ಸಿಗದಿದ್ದರೆ ನಿಲ್ಲದೆ, ಒಂದು ಎಚ್ಚರಿಕೆಯ ಸಾಲು ಮಾತ್ರ ಹಾಕಿ ಸಾದಾ ಪಿಕೆಜಿ-ಕಾನ್ಫಿಗ್ ಹಿಡಿದುಕೊಳ್ಳುತ್ತದೆ. ಕಾನ್ಫಿಗರ್ ಔಟ್‌ಪುಟ್‌ನಲ್ಲಿ ‘ಚೆಕಿಂಗ್ ಫಾರ್ ಪಿಕೆಜಿ-ಕಾನ್ಫಿಗ್’ ಸಾಲಿನ ಎದುರು ಯಾವ ಪಾತ್ ಬಂತು ಎನ್ನುವುದನ್ನು ಪ್ರತಿ ಸಲ ಓದಿ. ಬೇರೆಲ್ಲಾ ಸಾಲುಗಳನ್ನು ಬಿಟ್ಟರೂ ಅದನ್ನು ಬಿಡಬೇಡಿ.

ಡೆಬಿಯನ್‌ನಲ್ಲಿ ಕೆಲಸ ಸುಲಭ, ಏಕೆಂದರೆ 2013ರ ಡೆಬಿಯನ್ 7ರಿಂದಲೇ ಮಲ್ಟಿಆರ್ಚ್ ಉಂಟು: ಒಂದೊಂದು ಪ್ರೊಸೆಸರಿನ ಲೈಬ್ರರಿಗೂ /ಯುಎಸ್‌ಆರ್/ಲಿಬ್ ಕೆಳಗೆ ಅದರದ್ದೇ ಫೋಲ್ಡರ್. ಡಿಪಿಕೆಜಿ --ಆ್ಯಡ್-ಆರ್ಕಿಟೆಕ್ಚರ್ ಆರ್ಮ್64 ಹೊಡೆದು, ಆ್ಯಪ್ಟ್ ಅಪ್‌ಡೇಟ್ ಮಾಡಿ, ಕ್ರಾಸ್‌ಬಿಲ್ಡ್-ಎಸೆನ್ಷಿಯಲ್-ಆರ್ಮ್64 ಹಾಕಿ. ಆಮೇಲೆ ಪಿಕೆಜಿಕಾನ್ಫ್ (ಹಳೆಯ ಪಿಕೆಜಿ-ಕಾನ್ಫಿಗ್‌ನ ಜಾಗಕ್ಕೆ ಬಂದದ್ದು) ಮತ್ತು ಲಿಬ್‌ಎಸ್‌ಕ್ಯೂಲೈಟ್3-ಡೆವ್‌ನಂಥ ಬೇಕಾದ ಪ್ಯಾಕೇಜುಗಳನ್ನು :ಆರ್ಮ್64 ಬಾಲ ಸೇರಿಸಿ ಹಾಕಿ. ‘ವೈ’ ಒತ್ತುವ ಮೊದಲು ತೆಗೆದುಹಾಕುವ ಪಟ್ಟಿಯನ್ನು ನೋಡಿ; ಎರಡು ಪ್ರೊಸೆಸರಿಗೆ ಒಟ್ಟಿಗೆ ಇರಲಾರದ ಡೆವ್ ಪ್ಯಾಕೇಜ್ ಇದ್ದರೆ ಇಂಟೆಲ್ ಕಡೆಯದ್ದನ್ನು ಕಿತ್ತುಹಾಕುತ್ತದೆ. ಉಬುಂಟು 24.04ರಲ್ಲಿ ಆರ್ಮ್ ಪ್ಯಾಕೇಜುಗಳು ಪೋರ್ಟ್ಸ್ ಸರ್ವರಿನಲ್ಲಿವೆ. ಸೋರ್ಸ್ ಫೈಲಿನಲ್ಲಿ ಮಾಮೂಲಿ ಸರ್ವರನ್ನು ಎಎಂಡಿ64ಕ್ಕೆ ಮಾತ್ರ ಎಂದು ಬರೆದು, ಪೋರ್ಟ್ಸ್ ಸರ್ವರನ್ನು ಬೇರೆ ನಮೂದಾಗಿ ಕೊಡದಿದ್ದರೆ ಅಪ್‌ಡೇಟ್ ತುಂಬ 404 ಬರುತ್ತದೆ. ಇದು ನೆಟ್‌ವರ್ಕಿನ ತೊಂದರೆಯಲ್ಲ, ರೂಟರ್ ಆಫ್-ಆನ್ ಮಾಡಿ ಪ್ರಯೋಜನವಿಲ್ಲ.

ಬೋರ್ಡಿನ ಎಸ್‌ಡಿ ಕಾರ್ಡಿನಿಂದ ಫೈಲುಗಳನ್ನು ಕಾಪಿ ಮಾಡಿ ಸಿಸ್‌ರೂಟ್ ಮಾಡುವವರಿಗೆ ದಾರಿ ಬೇರೆ. ಲಿಬ್‌ಡಿರ್‌ಗೆ ಸಿಸ್‌ರೂಟ್ ಒಳಗಿನ ಎರಡು ಪಿಕೆಜಿಕಾನ್ಫಿಗ್ ಫೋಲ್ಡರುಗಳನ್ನು ಕೊಡಿ: ಪ್ರೊಸೆಸರ್ ಹೆಸರಿನ ಲಿಬ್ ಒಳಗಿನದ್ದು, ಶೇರ್ ಒಳಗಿನದ್ದು. ಎರಡನೆಯದನ್ನು ಬಿಟ್ಟರೆ ಬರೀ ಹೆಡರ್ ಇರುವ ಕೆಲವು ಪ್ಯಾಕೇಜುಗಳು ‘ಇಲ್ಲ’ ಎಂದು ಬರುತ್ತವೆ. ಜೊತೆಗೆ ಪಿಕೆಜಿ_ಕಾನ್ಫಿಗ್_ಸಿಸ್‌ರೂಟ್_ಡಿರ್ ಕೊಟ್ಟರೆ -ಐ ಮತ್ತು -ಎಲ್ ಪಾತ್‌ಗಳ ಮುಂದೆ ಸಿಸ್‌ರೂಟ್ ಸೇರುತ್ತದೆ. ಡಾಟ್-ಪಿಸಿ ಫೈಲಿನ ಪ್ರಿಫಿಕ್ಸ್‌ನಲ್ಲಿ ಆಗಲೇ ಸಿಸ್‌ರೂಟ್ ಪಾತ್ ಇದ್ದರೆ ಅದು ಕೆಲವೊಮ್ಮೆ ಎರಡೆರಡು ಸಲ ಬರಬಹುದು. --ಸಿಫ್ಲಾಗ್ಸ್ ಓಡಿಸಿ ನೋಡಿದರೆ ಕೂಡಲೇ ಕಾಣುತ್ತದೆ. ಕಾರ್ಡಿನಿಂದ ಬಂದ ಸಿಂಬಾಲಿಕ್ ಲಿಂಕುಗಳಲ್ಲಿ /ಲಿಬ್ ಎಂದು ಶುರುವಾಗುವವು ನಿಮ್ಮ ಕಂಪ್ಯೂಟರಿನ ಲೈಬ್ರರಿಗೇ ಹೋಗಿ ಮುಟ್ಟುತ್ತವೆ. ಸಿಮ್‌ಲಿಂಕ್ಸ್ -ಆರ್‌ಸಿ ಓಡಿಸಿ ರಿಲೇಟಿವ್ ಮಾಡಿಕೊಳ್ಳಿ.

ಕೋಡ್ ತಯಾರಿಸುವ ಸಹಾಯಕ ಪ್ರೋಗ್ರಾಮುಗಳ ಕಥೆ ತಿರುಗುಮುರುಗು. ವೇಲ್ಯಾಂಡ್-ಸ್ಕ್ಯಾನರ್, ಜಿಲಿಬ್-ಕಂಪೈಲ್-ರಿಸೋರ್ಸಸ್ ಇವು ಓಡಬೇಕಾದ್ದು ಬಿಲ್ಡ್ ಮಾಡುವ ಕಂಪ್ಯೂಟರಿನಲ್ಲಿ. ಅವುಗಳ ಪಾತನ್ನು ಆರ್ಮ್ ಕಡೆಯ ಡಾಟ್-ಪಿಸಿಯಿಂದ ತೆಗೆದರೆ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಗ್ಯಾರಂಟಿ. ಆಟೋಕಾನ್ಫ್ ಬದಲಿಗೆ ಬಳಸುವ ಬಿಲ್ಡ್ ಉಪಕರಣ ಮೆಸಾನ್‌ನಲ್ಲಿ ಅಂಥ ಡಿಪೆಂಡೆನ್ಸಿಗೆ ನೇಟಿವ್: ಟ್ರೂ ಎಂದು ಹಾಕಿದರೆ ಪರಿಹಾರ. ಒಟ್ಟಾರೆ ಮೆಸಾನ್ ಈ ವಿಷಯದಲ್ಲಿ ಶಿಸ್ತಿನದ್ದು: ಕ್ರಾಸ್ ಫೈಲಿನಲ್ಲಿ ಸಿಸ್_ರೂಟ್, ಪಿಕೆಜಿ_ಕಾನ್ಫಿಗ್_ಲಿಬ್‌ಡಿರ್ ಒಮ್ಮೆ ಬರೆದಿಟ್ಟರೆ ಎರಡು ಕಡೆಯ ಲೈಬ್ರರಿ ಬೆರೆಯುವುದಿಲ್ಲ. ಇನ್ನೊಂದು ಬಿಲ್ಡ್ ಉಪಕರಣ ಸಿಮೇಕ್‌ನಲ್ಲಿ ಟೂಲ್‌ಚೈನ್ ಫೈಲಿನಲ್ಲೇ ಪಿಕೆಜಿ_ಕಾನ್ಫಿಗ್_ಎಕ್ಸಿಕ್ಯೂಟಬಲ್ ಗೊತ್ತುಮಾಡಿ. ಪ್ರತಿ ಪ್ರೊಸೆಸರಿಗೂ ಬೇರೆ ಬಿಲ್ಡ್ ಫೋಲ್ಡರ್ ಇಡಿ. ಒಮ್ಮೆ ಕ್ಯಾಶ್‌ನಲ್ಲಿ ಕೂತ ಪಾತ್ ತಾನಾಗಿ ಏಳುವುದಿಲ್ಲ.

ಹಳೆಯ ಪಿಕೆಜಿ-ಕಾನ್ಫಿಗ್‌ಗಿಂತ ಪಿಕೆಜಿಕಾನ್ಫ್ ಹೇಗೆ? ಹಳೆಯದು 2017ರ 0.29.2. ಫೆಡೋರಾ 26, ಆಮೇಲೆ ಡೆಬಿಯನ್ 12 ಪಿಕೆಜಿಕಾನ್ಫ್‌ಗೆ ದಾಟಿದವು, ಸಾದಾ ಬಳಕೆಯಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ನನಗೆ ಇಷ್ಟವಾದದ್ದು ಪರ್ಸನಾಲಿಟಿ ಫೈಲ್. ಟ್ರಿಪ್ಲೆಟ್ (ಎಆರ್ಚ್64-ಲಿನಕ್ಸ್-ಗ್ನು ತರಹದ ಹೆಸರು), ಸಿಸ್‌ರೂಟ್, ಹುಡುಕುವ ಜಾಗ, ಇಷ್ಟನ್ನು ಒಂದು ಫೈಲಿನಲ್ಲಿ ಬರೆದು, ಆ ಟ್ರಿಪ್ಲೆಟ್ ಮುಂದೆ ಸೇರಿದ ಪಿಕೆಜಿ-ಕಾನ್ಫಿಗ್ ಹೆಸರಿನಲ್ಲಿ ಪಿಕೆಜಿಕಾನ್ಫ್‌ಗೆ ಒಂದು ಲಿಂಕ್ ಮಾಡಿದರೆ ಸಾಕು. ಪರಿಸರ ವೇರಿಯಬಲ್‌ಗಳನ್ನು ಶೆಲ್ ಸ್ಕ್ರಿಪ್ಟಿನಿಂದ ಶೆಲ್ ಸ್ಕ್ರಿಪ್ಟಿಗೆ ಹೊತ್ತು ತಿರುಗುವ ಕೆಲಸ ತಪ್ಪುತ್ತದೆ.

ಒಂದು ಅಂಕ ಕಳೆದದ್ದು ಅದು ಸುಳ್ಳು ಹೇಳುತ್ತದೆ ಎಂದಲ್ಲ, ಕೇಳದ್ದನ್ನು ಹೇಳುವುದಿಲ್ಲ ಎಂದು. ಡಾಟ್-ಪಿಸಿಯಲ್ಲಿ ಪ್ರೊಸೆಸರ್ ಯಾವುದೆಂದು ಬರೆಯುವ ಸಾಲೇ ಇಲ್ಲ. ಅದಕ್ಕೆ ಕಾನ್ಫಿಗರ್‌ನಲ್ಲಿ ಪಿಕೆಜಿ ಪರೀಕ್ಷೆಯ ಹಿಂದೆಯೇ ಅದೇ ಫ್ಲಾಗ್‌ಗಳಿಂದ ಒಂದು ಲಿಂಕ್ ಪರೀಕ್ಷೆ ಇಡಿ. ರನ್ ಪರೀಕ್ಷೆ ಬೇಡ, ಕ್ರಾಸ್‌ನಲ್ಲಿ ಅದು ಓಡುವುದಿಲ್ಲ. ಬೇಕೇಬೇಕಾದ ಲೈಬ್ರರಿಯನ್ನು --ವಿತ್ ಎಂದು ಸ್ಪಷ್ಟವಾಗಿ ಕೇಳಿ. ಸಿಕ್ಕಿದರೆ ಬಳಸು ಎಂದು ಬಿಟ್ಟರೆ ಸಿಗದ ದಿನ ಟಿಎಲ್‌ಎಸ್ (ನೆಟ್‌ವರ್ಕ್ ಮಾತನ್ನು ಗುಟ್ಟಾಗಿಡುವ ವ್ಯವಸ್ಥೆ) ಇಲ್ಲದ ಬೈನರಿ ತಯಾರಾಗಿ ಗ್ರಾಹಕರ ಪೆಟ್ಟಿಗೆ ಸೇರುತ್ತದೆ, ಎರರ್ ಒಂದೂ ಇರುವುದಿಲ್ಲ.

ಆವೃತ್ತಿಗೂ ಮೇಲಿನ ಮಿತಿ ಹಾಕಿ. ಬೋರ್ಡಿನ ಪಿನ್ನುಗಳನ್ನು ನಡೆಸುವ ಲೈಬ್ರರಿ ಲಿಬ್‌ಜಿಪಿಐಒಡಿ 2ರಲ್ಲಿ ಎಪಿಐ (ಕೋಡ್ ಕರೆಯುವ ಫಂಕ್ಷನ್‌ಗಳು) ಪೂರ್ತಿ ಬದಲಾಗಿದೆ. ಡೆಬಿಯನ್ 12ರಲ್ಲಿರುವುದು 1.6, 13ರಲ್ಲಿ 2.2. 1.6ಕ್ಕೆ ಬರೆದ ಕೋಡಿಗೆ ‘1.6 ಅಥವಾ ಹೆಚ್ಚು’ ಎಂದು ಮಾತ್ರ ಕೇಳಿದರೆ ಎರಡೂ ಪಾಸ್, ಕಂಪೈಲ್ ಆಗುವುದು ಒಂದೇ.

ಪೈ ಝೀರೋ ಇರುವವರಿಗೆ ಇನ್ನೊಂದು. ಡೆಬಿಯನ್‌ನ ಆರ್ಮ್‌ಎಚ್‌ಎಫ್ ಅಂದರೆ ಆರ್ಮ್‌ವಿ7, ಮೊದಲ ಪೈ ಝೀರೋದ್ದು ಆರ್ಮ್‌ವಿ6. ಟ್ರಿಪ್ಲೆಟ್ ಒಂದೇ, ಫೋಲ್ಡರಿನ ಹೆಸರೂ ಒಂದೇ. ಪಿಕೆಜಿ-ಕಾನ್ಫಿಗ್, ಲಿಂಕರ್ ಇಬ್ಬರೂ ಒಪ್ಪುತ್ತಾರೆ, ಬೋರ್ಡ್ ಮಾತ್ರ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಅನ್ನುತ್ತದೆ. ರೀಡ್‌ಎಲ್ಫ್ -ಎ ಕೊಟ್ಟು ಸಿಪಿಯು ಆರ್ಕಿಟೆಕ್ಚರ್ ಸಾಲು ನೋಡಿ. ಅದಕ್ಕೆ ರಾಸ್‌ಬೆರಿ ಪೈ ಓಎಸ್‌ನದ್ದೇ ಸಿಸ್‌ರೂಟ್ ಬೇಕು, ವಿ6ಕ್ಕೆಂದೇ ಕಟ್ಟಿದ ಕಂಪೈಲರೂ ಬೇಕು.